'ಶ್ರಾಫ್' ಎಂಬ ಹಳೆಯ ಕ್ರಿಯಾಪದ ಮತ್ತು ಕರಾವಳಿಯ ಒರೆಗಲ್ಲು: ಒಂದು ಪದಚರಿತ್ರೆ

1. ಪ್ರಶ್ನೆ

ಭಾರತದಲ್ಲಿ ನೆಲಸಿದ್ದ ಇಂಗ್ಲಿಷರ ಮಾತಿನಲ್ಲಿ 'ಶ್ರಾಫ್' ಎಂಬುದು ನಾಮಪದವಾಗಿದ್ದಂತೆ ಕ್ರಿಯಾಪದವೂ ಆಗಿತ್ತು. ನಾಮಪದಕ್ಕೆ ನಾಣ್ಯ ಪರೀಕ್ಷಕ, ಹಣ ವಿನಿಮಯಗಾರ ಎಂಬ ಅರ್ಥ. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಅವರ 'ಹಾಬ್ಸನ್-ಜಾಬ್ಸನ್' ಕೋಶವು (1886) ಕ್ರಿಯಾಪದಕ್ಕೆ ಕೊಡುವ ವಿವರಣೆಯನ್ನು ಸಂಗ್ರಹಿಸಿ ಹೇಳುವುದಾದರೆ, ಬಗೆಬಗೆಯ ರೂಪಾಯಿಗಳನ್ನು ಅಥವಾ ಇತರ ನಾಣ್ಯಗಳನ್ನು ವಿಂಗಡಿಸುವುದು, ಸಲ್ಲದವನ್ನು ತೆಗೆದುಹಾಕುವುದು, ಉಳಿದವುಗಳ ಮೇಲೆ ಎಷ್ಟೆಷ್ಟು ವಟ್ಟವೆಂದು ಗೊತ್ತುಮಾಡಿ ಪ್ರಮಾಣ ನಾಣ್ಯದಲ್ಲಿ ಬೆಲೆ ಕಟ್ಟುವುದು. ಇದರಿಂದ ಬೆಳೆದ ಲಾಕ್ಷಣಿಕ ಅರ್ಥವನ್ನೂ ಕೋಶಕಾರರು ದಾಖಲಿಸಿದ್ದಾರೆ: ಆಳುಗಳಲ್ಲಾಗಲಿ ಕುದುರೆಗಳಲ್ಲಾಗಲಿ ಒಳ್ಳೆಯದನ್ನು ಕೀಳಿನಿಂದ ಬೇರ್ಪಡಿಸಿ ಆರಿಸಿಕೊಳ್ಳುವುದು.

ಈ ಕೋಶಕ್ಕೂ ನಮ್ಮ ಕರಾವಳಿಗೂ ನಂಟಿದೆ. ಬರ್ನೆಲ್ ಅವರು ಮಂಗಳೂರಿನಲ್ಲಿ ನ್ಯಾಯಾಂಗ ಸೇವೆಯಲ್ಲಿದ್ದವರು. ತುಳು ಪಾಡ್ದನಗಳನ್ನು ಸಂಗ್ರಹಿಸಿದವರು. ದಕ್ಷಿಣ ಭಾರತದ ಲಿಪಿಶಾಸ್ತ್ರವನ್ನು ಕುರಿತ ಅವರ ಗ್ರಂಥ 1874ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. 1882ರಲ್ಲಿ ತೀರಿಕೊಂಡ ಅವರು ಹಾಬ್ಸನ್-ಜಾಬ್ಸನ್ ಮುದ್ರಣವನ್ನು ಕಾಣಲಿಲ್ಲ. ಆ ಕೋಶ ಹೊರಬಂದ 1886ರಲ್ಲಿಯೇ ಮಂಗಳೂರಿನಿಂದ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. 1894ರಲ್ಲಿ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಅದನ್ನು ಹಿಂಬಾಲಿಸಿತು. ಹೀಗೆ ಒಂದೇ ದಶಕದೊಳಗೆ ಮೂರು ಭಾಷೆಗಳ ವ್ಯವಹಾರ ಪದಗಳು ಕೋಶಗಳಲ್ಲಿ ನೆಲೆ ಪಡೆದವು.

ನಮ್ಮ ಪ್ರಶ್ನೆ ಇದು. ಇಂಗ್ಲಿಷ್ ಪಡೆದ ನಾಮಪದವನ್ನೇ ಕನ್ನಡವೂ 'ಸರಾಫ', 'ಶರಾಫ' ಎಂಬ ರೂಪಗಳಲ್ಲಿ ಪಡೆಯಿತು. ಇಂಗ್ಲಿಷ್ ಆ ನಾಮದಿಂದ ಕ್ರಿಯಾಪದವೊಂದನ್ನು ಮಾಡಿಕೊಂಡಿತು, ಕನ್ನಡ ಮಾಡಿಕೊಳ್ಳಲಿಲ್ಲ. ಇಂಗ್ಲಿಷಿನ ಕ್ರಿಯಾಪದ ಇಂದು ಕೋಶದಲ್ಲಷ್ಟೇ ಉಳಿದಿದೆ. ಅದೇ ಕೆಲಸಕ್ಕೆ ಕನ್ನಡ ಬಳಸಿದ ಕ್ರಿಯಾಪದಗಳು ಇಂದಿಗೂ ದಿನಬಳಕೆಯಲ್ಲಿವೆ. ಕಸುಬಿನವನ ಹೆಸರಿನಿಂದ ಹುಟ್ಟಿದ ಕ್ರಿಯಾಪದದ ಬಾಳು ಆ ಕಸುಬಿನವನ ಬಾಳಿಗೆ ಕಟ್ಟುಬಿದ್ದಿರುತ್ತದೆ, ಕೈಯ ಚಲನೆಯಿಂದ ಹುಟ್ಟಿದ ಕ್ರಿಯಾಪದ ಕಸುಬನ್ನು ದಾಟಿ ಬಾಳಬಲ್ಲದು ಎಂಬುದು ಈ ಲೇಖನದ ಪ್ರತಿಪಾದನೆ.

2. ನಾಮಪದ ನಡೆದುಬಂದ ದಾರಿ

ಪದದ ಮೂಲ ಅರಬ್ಬಿಯ 'ಸರ್ರಾಫ್'. ಅದರ ಧಾತುವಿಗೆ ತಿರುಗಿಸು, ಮಾರ್ಪಡಿಸು ಎಂಬ ಅರ್ಥ; ಒಂದು ನಾಣ್ಯವನ್ನು ಇನ್ನೊಂದಾಗಿ ಮಾರ್ಪಡಿಸುವವನು ಸರ್ರಾಫ್. ಭಾಷಾಶಾಸ್ತ್ರದ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬಹುದು. ಅರಬ್ಬಿ ವ್ಯಾಕರಣ ಪರಂಪರೆಯಲ್ಲಿ ಪದರಚನಾಶಾಸ್ತ್ರಕ್ಕೆ 'ಸರ್ಫ್' ಎಂದೇ ಹೆಸರು. ಒಂದೇ ಧಾತುವಿನಿಂದ ಒಂದು ಕಡೆ ಪದದ ರೂಪ ಬದಲಿಸುವ ಶಾಸ್ತ್ರ, ಮತ್ತೊಂದು ಕಡೆ ಹಣದ ರೂಪ ಬದಲಿಸುವ ಕಸುಬು.

ಅರಬ್ಬಿಯಿಂದ ಪಾರಸಿಗೆ, ಅಲ್ಲಿಂದ ಭಾರತದ ಭಾಷೆಗಳಿಗೆ ಪದ ಬಂದಿತು. ಪಶ್ಚಿಮ ಕರಾವಳಿಯ ಪೋರ್ಚುಗೀಸರು 16ನೆಯ ಶತಮಾನದಲ್ಲಿಯೇ ಇದನ್ನು 'ಶರಾಫೊ' ಎಂಬಂತೆ ಬಳಸುತ್ತಿದ್ದರು. ಇಂಗ್ಲಿಷಿನಲ್ಲಿ ಇದು 17ನೆಯ ಶತಮಾನದಿಂದ ಕಾಣಿಸುತ್ತದೆ. ಮೊದಲ ವ್ಯಂಜನ 'ಸ'ಕಾರವಲ್ಲದೆ 'ಶ'ಕಾರವಾದುದಕ್ಕೆ ಪೋರ್ಚುಗೀಸ್ ರೂಪವನ್ನು ಕಾರಣವಾಗಿ ಹೇಳಬಹುದು. ಗುಜರಾತಿಯಲ್ಲಿಯೂ 'ಶರಾಫ' ಎಂಬ ರೂಪವೇ ಇರುವುದರಿಂದ ಸೂರತ್ತಿನ ವ್ಯಾಪಾರಿಗಳ ಉಚ್ಚಾರವೂ ಜೊತೆಗೂಡಿರುವುದು ಸಾಧ್ಯ. ಇವೆರಡರಲ್ಲಿ ಒಂದನ್ನೇ ಆರಿಸಬೇಕೆಂಬ ಅಗತ್ಯವಿಲ್ಲ. ಬಂದರಿನ ಪದಗಳು ಸಾಮಾನ್ಯವಾಗಿ ಒಂದೇ ಬಾಗಿಲಿನಿಂದ ಬರುವುದಿಲ್ಲ.

ಇಲ್ಲೊಂದು ಎಚ್ಚರಿಕೆ ಬೇಕು. ಗೋವೆಯ 'ಶೆರಾಫಿಂ' ನಾಣ್ಯದ ಹೆಸರು ಕೇಳಲು ಇದಕ್ಕೆ ಹತ್ತಿರವಾಗಿದ್ದರೂ ಅದರ ಮೂಲ ಬೇರೆ. ಅದು 'ಅಶ್ರಫಿ'ಗೆ ಸಂಬಂಧಿಸಿದುದು; ಅದರ ಧಾತುವಿಗೆ ಗೌರವ, ಘನತೆ ಎಂಬ ಅರ್ಥ. ಅರಬ್ಬಿಯಲ್ಲಿ ಬೇರೆ ಬೇರೆಯಾಗಿದ್ದ ಎರಡು ಊಷ್ಮ ಧ್ವನಿಗಳು ಪೋರ್ಚುಗೀಸಿನಲ್ಲಿ ಒಂದಾದುದರಿಂದ ಈ ಹೋಲಿಕೆ ಉಂಟಾಯಿತು. ನಾಣ್ಯದ ಹೆಸರೂ ನಾಣ್ಯ ನೋಡುವವನ ಹೆಸರೂ ಒಂದೇ ಬೇರಿನವೆಂದು ಭಾವಿಸುವುದು ಸುಲಭವಾದ, ಆದರೆ ತಪ್ಪಾದ ನಿರ್ಣಯ.

ಕನ್ನಡದಲ್ಲಿ ಈ ಪದ ಖಾಲಿ ಜಾಗಕ್ಕೆ ಬಂದು ಕುಳಿತುದಲ್ಲ. 'ಚಿನಿವಾರ' ಎಂಬ ಪದ ಅದಕ್ಕೆ ಮೊದಲೇ ಇದ್ದಿತು. ಉತ್ತರ ಕರ್ನಾಟಕದ ಪೇಟೆಗಳಲ್ಲಿ 'ಸರಾಫ ಬಜಾರು' ಎಂಬ ಹೆಸರು ಬೇರೂರಿತು; ಬಂಗಾರದ ವ್ಯಾಪಾರವನ್ನು 'ಸರಾಫಿ' ಎಂದರು. ಕಸುಬುಗಾರನಿಗೆ ಎರಡು ಹೆಸರುಗಳಾದವು. ಕಸುಬಿನ ಕ್ರಿಯೆಗೆ ಮಾತ್ರ ಹೊಸ ಹೆಸರು ಬರಲಿಲ್ಲ.

3. ನಾಮದಿಂದ ಕ್ರಿಯೆ: ಎರಡು ಭಾಷೆಗಳ ಎರಡು ಮಾರ್ಗ

ಇಂಗ್ಲಿಷಿನಲ್ಲಿ ಕರ್ತೃವಾಚಕ ನಾಮವನ್ನು ಯಾವ ಪ್ರತ್ಯಯವೂ ಇಲ್ಲದೆ ಕ್ರಿಯಾಪದವನ್ನಾಗಿಸುವ ಮಾರ್ಗ ಹಳೆಯದು. ಡಾಕ್ಟರ್, ನರ್ಸ್, ಟೈಲರ್, ಪೈಲಟ್, ಕುಕ್ ಇವೆಲ್ಲ ನಾಮಗಳೂ ಹೌದು, ಕ್ರಿಯೆಗಳೂ ಹೌದು. ಶ್ರಾಫ್ ಇದೇ ಸಾಲಿಗೆ ಸೇರಿತು. ಅದರಿಂದ 'ಶ್ರಾಫಿಂಗ್' ಎಂಬ ಕೃದಂತವೂ ಆ ಕೆಲಸಕ್ಕೆ ತೆಗೆದುಕೊಳ್ಳುವ ಕಮಿಷನ್ನಿಗೆ 'ಶ್ರಾಫೇಜ್' ಎಂಬ ಪದವೂ ಹುಟ್ಟಿದವು.

ಆಂಗ್ಲೋ-ಇಂಡಿಯನ್ ಮಾತಿನ ಇತರ ಎರವಲು ಕ್ರಿಯಾಪದಗಳ ರಚನೆ ಬೇರೆ ರೀತಿಯದು. ಹಾಬ್ಸನ್-ಜಾಬ್ಸನ್ ದಾಖಲಿಸಿರುವ 'ಬನೌ', 'ಲಗೌ', 'ಪಕರೌ' ಮೊದಲಾದವು ಹಿಂದೂಸ್ತಾನಿಯ ಆಜ್ಞಾರ್ಥಕ ರೂಪಗಳು. ಆಳಿಗೆ ಅಪ್ಪಣೆ ಕೊಡುವಾಗ ಬಳಸಿದ ರೂಪವೇ ಧಾತುವಾಗಿ ನಿಂತಿತು. ಇವುಗಳಿಗೆ ಕನ್ನಡವನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಕನ್ನಡವೂ ಅದೇ ಬಗೆಯ ಧಾತುಗಳನ್ನು ಪಡೆಯಿತು; ಆದರೆ ಆಜ್ಞಾರ್ಥದಲ್ಲಿ ಅಲ್ಲ, ಆಕಾರಾಂತ ಅಂಗಕ್ಕೆ ತನ್ನದೇ 'ಇಸು' ಪ್ರತ್ಯಯವನ್ನು ಹಚ್ಚಿ: ಬನಾಯಿಸು, ಲಗಾಯಿಸು, ಚಲಾಯಿಸು, ಜಮಾಯಿಸು, ದಬಾಯಿಸು. ಇಂಗ್ಲಿಷ್ ರೂಪಗಳಲ್ಲಿ ಒಡೆಯ ಮತ್ತು ಆಳಿನ ಸಂಬಂಧ ಅಚ್ಚೊತ್ತಿದಂತಿದೆ. ಕನ್ನಡ ರೂಪಗಳಲ್ಲಿ ಅದಿಲ್ಲ.

ಎರವಲು ನಾಮಗಳ ವಿಷಯದಲ್ಲಿ ಕನ್ನಡ ಬಹುಮಟ್ಟಿಗೆ ಸಹಾಯಕ ಕ್ರಿಯೆಯನ್ನು ಜೋಡಿಸುತ್ತದೆ: ವಸೂಲು ಮಾಡು, ಜಫ್ತಿ ಮಾಡು, ಮಂಜೂರು ಮಾಡು, ಪಾಸಾಗು. ಇವೆಲ್ಲ ಕ್ರಿಯಾವಾಚಕ ನಾಮಗಳು ಎಂಬುದು ಗಮನಾರ್ಹ. ಕರ್ತೃವಾಚಕ ನಾಮದಿಂದ ಈ ರಚನೆ ಸಾಧ್ಯವಿಲ್ಲ. ವಕೀಲನಿಂದ 'ವಕೀಲಿ ಮಾಡು' ಎಂದಾಗಬೇಕೇ ಹೊರತು 'ವಕೀಲಿಸು' ಎಂದಾಗದು. ಹಾಗೆಯೇ ಸರಾಫನಿಂದ 'ಸರಾಫಿ ಮಾಡು' ಎಂದರೆ ಆ ವ್ಯಾಪಾರದಲ್ಲಿರು ಎಂದು ಅರ್ಥವೇ ಹೊರತು ಈ ನಾಣ್ಯವನ್ನು ಪರೀಕ್ಷಿಸು ಎಂದಲ್ಲ. ಆದ್ದರಿಂದ ಇಂಗ್ಲಿಷಿನ ಕ್ರಿಯಾಪದಕ್ಕೆ ಸಮವಾದ ರೂಪ ಕನ್ನಡದಲ್ಲಿ ಹುಟ್ಟದಿರುವುದಕ್ಕೆ ರಚನಾತ್ಮಕವಾದ ಕಾರಣವೊಂದು ಇದ್ದೇ ಇದೆ. ಆದರೆ ಅದೊಂದೇ ಕಾರಣವಲ್ಲ. ಉಳಿದುದನ್ನು ತಿಳಿಯಲು ನಾಣ್ಯಗಳ ಕಡೆಗೆ ತಿರುಗಬೇಕು.

4. ನಾಣ್ಯಗಳ ಕರಾವಳಿ

ಬಾರಕೂರಿನ ಟಂಕಸಾಲೆ ಪ್ರಸಿದ್ಧವಾದುದು. ಈ ಭಾಗದ ಶಾಸನಗಳು ಬರಿದೆ ಗದ್ಯಾಣ ಎನ್ನದೆ ಬಾರಕೂರು ಗದ್ಯಾಣ, ಮಂಗಳೂರು ಗದ್ಯಾಣ, ಕಾಟಿ ಗದ್ಯಾಣ ಎಂದು ವಿಶೇಷಣ ಸೇರಿಸಿ ಹೇಳುತ್ತವೆ. ದತ್ತಿ ಬರೆಯಿಸುವವನಿಗೆ ಯಾವ ಗದ್ಯಾಣ ಎಂಬುದು ಮುಖ್ಯವಾಗಿತ್ತು, ಏಕೆಂದರೆ ಎಲ್ಲ ಗದ್ಯಾಣಗಳೂ ಒಂದೇ ಬೆಲೆಯವಲ್ಲ. ನಾಣ್ಯದ ಹೆಸರಿನ ಹಿಂದೆ ಬರುವ ಈ ವಿಶೇಷಣವು ಚಿನಿವಾರನ ಕೆಲಸವನ್ನು ಭಾಷೆಯಲ್ಲಿ ಮುಂಚಿತವಾಗಿಯೇ ಮಾಡಿಟ್ಟಂತೆ.

ಕೆಳದಿಯ ಅರಸರ ಕಾಲದಲ್ಲಿ ಇಕ್ಕೇರಿ ವರಾಹ ಕರಾವಳಿಯಲ್ಲಿ ಸಂದಿತು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ತನ್ನ ಬಹಾದುರಿ ವರಾಹದ ಮೇಲೆ ಹಿಂದಿನ ಶಿವಪಾರ್ವತಿಯರ ಚಿತ್ರವನ್ನೇ ಉಳಿಸಿಕೊಂಡು, ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಅರಬ್ಬಿ ಅಕ್ಷರವನ್ನು ಮುದ್ರಿಸಿದ. ಜನ ಕಂಡು ನಂಬಿದ ಮುದ್ರೆಯನ್ನು ಬದಲಿಸದಿರುವುದು ಅರಸನಿಗೂ ಲಾಭಕರ. 1799ರಲ್ಲಿ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು; ಥಾಮಸ್ ಮನ್ರೊ ಮೊದಲ ಕಲೆಕ್ಟರರಾದರು. 1801ರಲ್ಲಿ ಕಾರ್ಕಳ, ಉಡುಪಿಗಳ ಮೂಲಕ ಸಾಗಿದ ಫ್ರಾನ್ಸಿಸ್ ಬುಕಾನನ್ ಅವರ ಪ್ರವಾಸ ಗ್ರಂಥದಲ್ಲಿ (1807) ಬೆಳೆ, ಗೇಣಿಗಳೊಡನೆ ನಾಣ್ಯ, ತೂಕ, ಅಳತೆಗಳ ವಿವರವೂ ಸೇರಿರುವುದು ಆಕಸ್ಮಿಕವಲ್ಲ. ಅವನ್ನು ತಿಳಿಯದೆ ಒಂದು ಊರಿನ ಆದಾಯವನ್ನು ಇನ್ನೊಂದರೊಡನೆ ಹೋಲಿಸಲು ಸಾಧ್ಯವಿರಲಿಲ್ಲ.

ಇಂತಹ ವ್ಯವಸ್ಥೆಯಲ್ಲಿ ಕಂದಾಯ ಒಂದು ನಾಣ್ಯದಲ್ಲಿ ಲೆಕ್ಕವಾಗುತ್ತದೆ; ಒಕ್ಕಲಿನ ಕೈಗೆ ಅಕ್ಕಿ ಮಾರಿ ಬಂದುದು ಬೇರೆ ನಾಣ್ಯ. ಇವೆರಡರ ನಡುವೆ ನಿಂತವನು ಶರಾಫ. ಸವೆದ ವರಾಹಕ್ಕೆ ಎಷ್ಟು ವಟ್ಟ ಎಂದು ಹೇಳುವವನು ಒಕ್ಕಲು ನಿಜವಾಗಿ ಕಟ್ಟುವ ಮೊತ್ತವನ್ನೂ ಹೇಳಿದಂತಾಯಿತು. 'ಶ್ರಾಫ್ ಮಾಡುವುದು' ಎಂಬ ಇಂಗ್ಲಿಷ್ ಕ್ರಿಯಾಪದದ ಹಿಂದೆ ಈ ಅಧಿಕಾರ ಅಡಗಿದೆ. 'ನಾಣ್ಯವನ್ನು ಪರೀಕ್ಷಿಸು' ಎಂಬ ಕೋಶಗಳ ಒಂದು ಸಾಲಿನ ಅರ್ಥ ಇದನ್ನು ಮರೆಮಾಡುತ್ತದೆ. ವಿಂಗಡಿಸುವುದು, ಪರೀಕ್ಷಿಸುವುದು, ವಟ್ಟ ಕಟ್ಟುವುದು ಈ ಮೂರೂ ಬೇರೆ ಬೇರೆ ಕೆಲಸಗಳು. ಕಚೇರಿಯ ಮೇಜಿನ ಆಚೆ ಕುಳಿತ ಇಂಗ್ಲಿಷ್ ಅಧಿಕಾರಿಗೆ ಅವು ಒಬ್ಬನೇ ಮನುಷ್ಯ ಮಾಡುವ ಒಂದೇ ಕೆಲಸವಾಗಿ ಕಂಡವು. ಆದ್ದರಿಂದ ಆ ಮನುಷ್ಯನ ಹೆಸರೇ ಕ್ರಿಯೆಯ ಹೆಸರಾಯಿತು.

ಈ ವ್ಯವಹಾರದ ಇನ್ನೊಂದು ಪದದ ಕಥೆಯೂ ಇಲ್ಲಿ ಪ್ರಸ್ತುತ. ಆಂಗ್ಲೋ-ಇಂಡಿಯನ್ ಮಾತಿನಲ್ಲಿ 'ಬಟ್ಟಾ' ಎಂಬ ಒಂದೇ ರೂಪದಲ್ಲಿ ಎರಡು ಪದಗಳು ಬೆರೆತಿವೆ ಎಂದು ಹಾಬ್ಸನ್-ಜಾಬ್ಸನ್ ಗುರುತಿಸುತ್ತದೆ. ಒಂದು ನಾಣ್ಯದ ವಟ್ಟ. ಮತ್ತೊಂದು ಸೈನಿಕರಿಗೂ ನೌಕರರಿಗೂ ಕೊಡುವ ಹೆಚ್ಚುವರಿ ಹಣ. ಎರಡನೆಯದು ಪೋರ್ಚುಗೀಸರ ಮೂಲಕ ಕನ್ನಡದ 'ಭತ್ತ'ದಿಂದ ಬಂದಿರಬಹುದೆಂದು ಕೋಶಕಾರರು ಸೂಚಿಸುತ್ತಾರೆ. ಕೆನರಾ ಕರಾವಳಿಯ ಅಕ್ಕಿಯನ್ನು ಅವಲಂಬಿಸಿದ್ದ ಪೋರ್ಚುಗೀಸರ ಬಾಯಲ್ಲಿ ಊಟದ ಭತ್ತವೇ ಊಟದ ಹಣವಾಯಿತೆಂಬ ಈ ಊಹೆ ಅಸಂಭವವಲ್ಲ.

5. ಕನ್ನಡದ ಮೂರು ಕ್ರಿಯೆಗಳು

ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿದ ಕೆಲಸವನ್ನು ಕನ್ನಡ ಹಂಚಿಟ್ಟಿತ್ತು.

ಮೊದಲನೆಯದು 'ಒರೆ'. ಮೂಲಾರ್ಥ ಉಜ್ಜು, ತಿಕ್ಕು. ಕಪ್ಪು ಕಲ್ಲಿನ ಮೇಲೆ ಚಿನ್ನವನ್ನು ಉಜ್ಜಿ, ಮೂಡಿದ ಗೆರೆಯ ಬಣ್ಣವನ್ನು ಗೊತ್ತಾದ ಮಟ್ಟದ ಚಿನ್ನದ ಗೆರೆಯೊಡನೆ ಹೋಲಿಸಿ, ಆಮ್ಲದ ಹನಿಗೆ ಯಾವ ಗೆರೆ ಎಷ್ಟು ಉಳಿಯುತ್ತದೆಂದು ನೋಡುವುದು ಪರೀಕ್ಷೆಯ ಕ್ರಮ. ಆ ಕಲ್ಲೇ ಒರೆಗಲ್ಲು. ತಮಿಳಿನ 'ಉರೈ', ಮಲಯಾಳದ 'ಉರ' ಇದರ ಸಜಾತಿಗಳು. ತಮಿಳಿನ ಉಕಾರಕ್ಕೆ ಕನ್ನಡದಲ್ಲಿ ಒಕಾರ ಬರುವುದು ನಿಯತವಾದ ಧ್ವನಿಸಂವಾದ. ಮುಂದಿನ ಅಕ್ಷರದಲ್ಲಿ ಅಕಾರವಿದ್ದಲ್ಲಿ ಹೀಗಾಗುತ್ತದೆ. ತಮಿಳು 'ಉಡಲ್', ಕನ್ನಡ 'ಒಡಲು'. ತಮಿಳು 'ಉಲಕ್ಕೈ', ಕನ್ನಡ 'ಒನಕೆ'. ನೆಲ ಒರಸು, ಕಣ್ಣೊರಸು ಎಂಬಲ್ಲಿಯ 'ಒರಸು' ಇದೇ ಬೇರಿನದು. ಕತ್ತಿಯ 'ಒರೆ' ಮಾತ್ರ ಬೇರೆ. ಹಳಗನ್ನಡದಲ್ಲಿ ಅದು ಶಕಟರೇಫವುಳ್ಳ 'ಒಱೆ'. ರೇಫ ಮತ್ತು ಶಕಟರೇಫಗಳು ಒಂದಾದ ಮೇಲೆ ಇವೆರಡೂ ಬರಹದಲ್ಲಿ ಒಂದೇ ಆಗಿ ಕಾಣುತ್ತವೆ. ಸಂಸ್ಕೃತದಲ್ಲಿಯೂ 'ಕಷ್' ಧಾತುವಿಗೆ ಉಜ್ಜು ಎಂದೇ ಅರ್ಥ, ಅದರಿಂದ 'ನಿಕಷ'. ಕೌಟಿಲ್ಯನ ಅರ್ಥಶಾಸ್ತ್ರ ಶುದ್ಧ ಚಿನ್ನವನ್ನು ಹದಿನಾರು ವರ್ಣದ್ದೆಂದು ಕರೆದು ನಿಕಷದ ಪರೀಕ್ಷೆಯನ್ನು ವಿವರಿಸುತ್ತದೆ. ಎರಡು ಭಾಷಾವಂಶಗಳೂ ಪರೀಕ್ಷೆಯ ಹೆಸರನ್ನು ಪರೀಕ್ಷಕನಿಂದ ತೆಗೆದುಕೊಳ್ಳಲಿಲ್ಲ, ಉಜ್ಜುವ ಕೈಯಿಂದ ತೆಗೆದುಕೊಂಡವು.

ಎರಡನೆಯದು 'ಸಲ್ಲು'. ತಮಿಳಿನ 'ಸೆಲ್' ಇದರ ಸಜಾತಿ. ಮೂಲಾರ್ಥ ಹೋಗು, ನಡೆ. ನಡೆಯುವ ನಾಣ್ಯ ಸಲ್ಲುವ ನಾಣ್ಯ. ತಮಿಳಿನಲ್ಲಿ ಸಲ್ಲದ ಕಾಸಿಗೆ 'ಸೆಲ್ಲಾಕ್ಕಾಸು' ಎಂದೇ ಹೆಸರು. ಹನ್ನೆರಡನೆಯ ಶತಮಾನದ ಬಸವಣ್ಣನವರು ಲೋಕವನ್ನು ಸೃಷ್ಟಿಕರ್ತನ ಟಂಕಸಾಲೆಗೆ ಹೋಲಿಸಿದ ವಚನದಲ್ಲಿ ಈ ಕ್ರಿಯಾಪದವನ್ನು ಮನುಷ್ಯರಿಗೆ ಅನ್ವಯಿಸಿದ್ದಾರೆ. ಅಂದರೆ ನಾಣ್ಯದಿಂದ ನಡತೆಗೆ ಅರ್ಥ ದಾಟಿದುದು ಆ ಹೊತ್ತಿಗೇ ಪೂರ್ಣವಾಗಿತ್ತು. 'ಹೀಗೆ ಮಾಡುವುದು ಸಲ್ಲದು' ಎನ್ನುವಾಗಲೂ 'ಅರ್ಜಿ ಸಲ್ಲಿಸು' ಎನ್ನುವಾಗಲೂ ನಾವು ಆ ಪದವನ್ನೇ ಬಳಸುತ್ತೇವೆ.

ಮೂರನೆಯದು ವಟ್ಟ ಕಳೆಯುವುದು. ಇದಕ್ಕೆ ಕನ್ನಡ ನಾಮ ಮತ್ತು ಸಾಮಾನ್ಯ ಕ್ರಿಯೆಗಳ ಜೋಡಣೆಯನ್ನೇ ಬಳಸಿತು. ಮೂರರಲ್ಲಿ ಇಂದು ಮರೆಗೆ ಸಂದಿರುವುದು ಇದೊಂದೇ. ವಟ್ಟವು ನಾಣ್ಯವ್ಯವಸ್ಥೆಯೊಂದರ ಲೆಕ್ಕ. ಆ ವ್ಯವಸ್ಥೆ ಮುಗಿದೊಡನೆ ಅದೂ ಮುಗಿಯಿತು. ನಮ್ಮ ಪ್ರತಿಪಾದನೆಗೆ ಇದು ಕನ್ನಡದೊಳಗಿನಿಂದಲೇ ದೊರೆಯುವ ಸಮರ್ಥನೆ.

6. ಕ್ರಿಯಾಪದದ ಅವಸಾನ

1818ರಲ್ಲಿ ಮದರಾಸು ಪ್ರಾಂತದಲ್ಲಿ ವರಾಹದ ಸ್ಥಾನಕ್ಕೆ ರೂಪಾಯಿ ಬಂದಿತು. ಒಂದು ವರಾಹಕ್ಕೆ ಮೂರೂವರೆ ರೂಪಾಯಿ ಎಂದು ಗೊತ್ತಾಯಿತು. 1835ರ ಕಾಯಿದೆಯಿಂದ ಕಂಪನಿಯ ಪ್ರಾಂತಗಳಿಗೆಲ್ಲ 180 ಗ್ರೇನ್ ತೂಕದ, ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿಯ ಒಂದೇ ರೂಪಾಯಿ ಜಾರಿಗೆ ಬಂದಿತು. ಹಳೆಯ ನಾಣ್ಯಗಳು ಒಮ್ಮೆಲೇ ಮಾಯವಾಗಲಿಲ್ಲ. ಆದರೆ ಕ್ರಿಯಾಪದದ ಕೆಳಗಿನ ನೆಲ ಕುಸಿಯತೊಡಗಿತ್ತು. ಹಾಬ್ಸನ್-ಜಾಬ್ಸನ್ ಇದನ್ನು ದಾಖಲಿಸುವ ಹೊತ್ತಿಗೆ ಏಕರೂಪದ ರೂಪಾಯಿಗೆ ಅರ್ಧ ಶತಮಾನ ತುಂಬಿತ್ತು.

ಶ್ರಾಫ್ ಮಾಡುವ ಕೆಲಸ ಹೆಚ್ಚು ಕಾಲ ಉಳಿದದ್ದು ಚೀನಾದ ಬಂದರುಗಳಲ್ಲಿ. ಅಲ್ಲಿ ಬಗೆಬಗೆಯ ಬೆಳ್ಳಿ ಡಾಲರುಗಳು ಓಡಾಡುತ್ತಿದ್ದವು. ಕ್ಯಾಂಟನ್ನಿನಲ್ಲಿ ಖೋಟಾ ಡಾಲರುಗಳನ್ನು ಮುಂದಿಟ್ಟುಕೊಂಡು ಈ ವಿದ್ಯೆ ಕಲಿಸುವ ಶಾಲೆಗಳಿದ್ದುದನ್ನು 19ನೆಯ ಶತಮಾನದ ಉತ್ತರಾರ್ಧದ ಬರಹಗಳು ಹೇಳುತ್ತವೆ. ಇಂದಿಗೂ ಹಾಂಗ್‌ಕಾಂಗಿನಲ್ಲಿ ವಾಹನ ನಿಲುಗಡೆಯ ಹಣ ಕಟ್ಟುವ ಕಿಟಕಿಯ ಮೇಲೆ 'ಶ್ರಾಫ್' ಎಂಬ ಫಲಕವಿರುತ್ತದೆ. ದಕ್ಷಿಣ ಭಾರತದ ಕೆಲವು ಬ್ಯಾಂಕುಗಳಲ್ಲಿ ಗುಮಾಸ್ತರ ಹುದ್ದೆಯ ಹೆಸರಿನಲ್ಲಿಯೂ ಅದು ಉಳಿಯಿತು. ಎರಡೂ ಕಡೆ ಉಳಿದಿರುವುದು ನಾಮಪದವೇ. ಕಿಟಕಿಯೊಳಗೆ ಕುಳಿತವರು ಹಣ ಎಣಿಸುತ್ತಾರೆ, 'ಶ್ರಾಫ್' ಮಾಡುವುದಿಲ್ಲ.

ಈ ಬದಲಾವಣೆಯ ಅರ್ಥ ಉಡುಪಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳುತನದಲ್ಲಿ ಇಲ್ಲಿ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಹುಟ್ಟಿತು. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಟಿ. ಎಂ. ಎ. ಪೈ ಅವರು ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಪ್ರಧಾನ ಕಚೇರಿ ಮುಂದೆ ಮಣಿಪಾಲದಲ್ಲಿ ನೆಲೆಸಿತು. 1928ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯಲ್ಲಿ ಸಂಗ್ರಾಹಕ ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಕಿರುಮೊತ್ತವನ್ನೂ ಪಡೆಯುತ್ತಿದ್ದ. ಅವನ ಬಳಿ ಚೀಲವೂ ಪುಸ್ತಕವೂ ಸಾಕಾಗಿದ್ದವು, ಒರೆಗಲ್ಲು ಬೇಕಿರಲಿಲ್ಲ. ಮನೆಬಾಗಿಲಲ್ಲಿ ಕೊಟ್ಟ ಒಂದಾಣೆ ಬ್ಯಾಂಕಿನಲ್ಲಿಯೂ ಒಂದಾಣೆಯೇ ಎಂಬ ಭರವಸೆಯಿಲ್ಲದಿದ್ದರೆ ಇಂತಹ ಯೋಜನೆ ನಡೆಯುತ್ತಿರಲಿಲ್ಲ. ಒಕ್ಕಲು ಮತ್ತು ಖಜಾನೆಯ ನಡುವೆ ನಿಂತಿದ್ದವನ ಕ್ರಿಯಾಪದ ಅಲ್ಲಿಗೆ ಅನಗತ್ಯವಾಯಿತು. ಪದವೊಂದರ ಸಾವನ್ನು ನಷ್ಟವೆಂದೇ ಬಗೆಯುವ ಅಭ್ಯಾಸ ನಮಗಿದೆ. ಈ ಸಾವಿನಿಂದ ಬಡವರಿಗೆ ಲಾಭವಾಯಿತು.

7. ಉಪಸಂಹಾರ

ಎರವಲು ಪದಗಳ ನಮ್ಮ ಅಧ್ಯಯನಗಳು ಬಂದ ಪದಗಳ ಪಟ್ಟಿಯಿಂದ ಆರಂಭವಾಗಿ ಅಲ್ಲಿಯೇ ಮುಗಿಯುವುದುಂಟು. ಬರಬಹುದಾಗಿದ್ದು ಬಾರದ ಪದಗಳು ಪಟ್ಟಿಗೆ ಸಿಗುವುದಿಲ್ಲ. ಸರಾಫನನ್ನು ಬರಮಾಡಿಕೊಂಡ ಕನ್ನಡ ಅವನ ಕ್ರಿಯೆಗೆ ಮಾತ್ರ ತನ್ನ ಪದಗಳನ್ನೇ ಉಳಿಸಿಕೊಂಡಿತು. ಈ ಅಭಾವವೂ ಭಾಷಾಸಂಪರ್ಕದ ಸಾಕ್ಷ್ಯವೇ.

ಇಷ್ಟಕ್ಕೆ 'ಒರೆ' ಅಜರಾಮರವೆಂದು ನಾವು ಹೇಳುತ್ತಿಲ್ಲ. 2021ರ ಜೂನ್ ತಿಂಗಳಿನಿಂದ ಚಿನ್ನಾಭರಣಗಳಿಗೆ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗಿದೆ. ಎಕ್ಸ್-ರೇ ಯಂತ್ರ ಗೆರೆಯೆಳೆಯದೆಯೇ ಶುದ್ಧತೆಯನ್ನು ಅಂಕಿಯಲ್ಲಿ ತೋರಿಸುತ್ತದೆ. ಉಜ್ಜುವ ಕೈ ನಿಂತ ಮೇಲೆ 'ಒರೆಗೆ ಹಚ್ಚು' ಎಂಬ ಮಾತು ವಾಚ್ಯಾರ್ಥವಿಲ್ಲದ ನುಡಿಗಟ್ಟಾಗಿ ಉಳಿಯುತ್ತದೆ. ಸವೆದ ನಾಣ್ಯದಿಂದ ಬಂದ 'ಸವಕಲು ಮಾತು' ಎಂಬ ಪ್ರಯೋಗದಲ್ಲಿ ನಾಣ್ಯವನ್ನು ಇಂದು ಯಾರೂ ಕಾಣದಂತೆ, ಒರೆಯಲ್ಲಿ ಕಲ್ಲನ್ನು ಯಾರೂ ಕಾಣದ ಕಾಲ ಬರಬಹುದು.

ಆದ್ದರಿಂದ ಈಗ ಆಗಬೇಕಾದ ಕೆಲಸವೊಂದಿದೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಸಿದ್ಧವಾದ ತುಳು ನಿಘಂಟು 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಹೊರಬಂದಿತು. ಅದರ ಸಂಪಾದಕರಾದ ಯು. ಪಿ. ಉಪಾಧ್ಯಾಯ ಅವರು ಕಾಪು ಬಳಿಯ ಮಜೂರಿನವರು. ಪ್ರದೇಶ ಮತ್ತು ಸಮುದಾಯಗಳ ಭೇದವನ್ನು ಗುರುತಿಸಿ, ಆಡುಮಾತಿನಿಂದ ಪದಗಳನ್ನು ಸಂಗ್ರಹಿಸಿದ ಆ ಕ್ರಮ ಕಸುಬಿನ ಕ್ರಿಯಾಪದಗಳಿಗೂ ಅನ್ವಯಿಸಬೇಕು. ಉಡುಪಿ, ಕಾರ್ಕಳ, ಕಾಪುಗಳಲ್ಲಿ ಚಿನ್ನದ ಕೆಲಸ ತುಳು ಮತ್ತು ಕನ್ನಡ ಬಳಸುವ ವಿಶ್ವಕರ್ಮರಲ್ಲಿಯೂ ಕೊಂಕಣಿಯಾಡುವ ದೈವಜ್ಞರಲ್ಲಿಯೂ ನಡೆದುಬಂದಿದೆ. ಕಾಪು ತಾಲೂಕಿನ ಪಡುಕುತ್ಯಾರು ವಿಶ್ವಕರ್ಮರ ಆನೆಗುಂದಿ ಮಹಾಸಂಸ್ಥಾನದ ನೆಲೆ. ಕಾಯಿಸುವ, ಬಡಿಯುವ, ಎಳೆಯುವ, ಬೆಸೆಯುವ, ಉಜ್ಜುವ ಒಂದೊಂದು ಚಲನೆಗೂ ಮೂರು ಭಾಷೆಗಳಲ್ಲಿ ಯಾವ ಪದ, ಯಾವುದು ಯಾವುದರಿಂದ ಎರವಲು, ಯಾವುದು ಎರವಲಾಗದೆ ನಿಂತಿದೆ ಎಂಬುದನ್ನು ಕೈ ಚಲಿಸುತ್ತಿರುವಾಗಲೇ ಕೇಳಿ ಬರೆದುಕೊಳ್ಳಬೇಕು. ಯಂತ್ರದ ಮುಂದೆ ನಿಂತು ಕೇಳಿದರೆ ನಮಗೆ ಸಿಗುವುದು 'ಚೆಕ್ ಮಾಡು' ಎಂಬ ಒಂದೇ ಉತ್ತರ.